ಹರವಿ ಕಟ್ಟೆಯ ಗಜ್ಜರಿ

ಪ್ರವೀಣಕುಮಾರ್ ಕೊಟ್ಟೂರಿನ ಸಂತೆಯಿಂದ ಒಂದು ಚೀಲ ಗಜ್ಜರಿ ಹೊತ್ತು ತಂದು ಪಡಸಾಲೆಯಲ್ಲಿ ದೊಪ್ಪನೆ ಇಳಿಸಿದಾಗ ಶಾಂಭವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ಕೇಜಿ ತನ್ನಿ ಎಂದು ಹೇಳಿ ಕಳಿಸಿದ್ದಳು. ಗಂಡಸರನ್ನು ಸಂತೆಗೆ ಕಳಿಸಿದರೆ ಹೀಗೇ. ಒಂದೋ ಮರೆತು ಬರುತ್ತಾರೆ, ಇಲ್ಲವೇ ಸಂತೆಯನ್ನೇ ಹೊತ್ತು ತರುತ್ತಾರೆ.

"ಎಳೇವು ಅದಾವ ನೋಡಲೇ. ಮುಂದಿನ ವಾರ ಇಂಥಾವು ಸಿಗಂಗಿಲ್ಲ," ಎಂದು ಅವನು ಬೆವರು ಒರೆಸಿಕೊಂಡ.

ಮಗಳು ಕೀರ್ತನಾಳನ್ನು ಹರಪನಹಳ್ಳಿಗೆ ಕೊಟ್ಟಿದ್ದರು. ಈಗ ಏಳು ತಿಂಗಳ ಬಸುರಿ. ಮುಂದಿನ ವಾರ ಅವಳ ಕುಬಸ, ಸೀಮಂತದ ಶಾಸ್ತ್ರ. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಬೇಕು. ಬುತ್ತಿಯಲ್ಲಿ ಗಜ್ಜರಿ ಹಲ್ವಾ ಇರಲೇಬೇಕೆಂದು ಹುಡುಗಿ ಫೋನಿನಲ್ಲಿ ಹಟ ಹಿಡಿದಿದ್ದಳು. ಬಸುರಿಯ ಬಯಕೆಗೆ ಇಲ್ಲ ಎನ್ನುವ ಹಾಗಿಲ್ಲ. ಆದರೆ ಗಾಯದ ಮೇಲೆ ಬರೆ ಎಂಬಂತೆ ಮನೆಯ ಫ್ರಿಜ್ ಕೈಕೊಟ್ಟು ಕೂತಿತ್ತು. ರಿಪೇರಿ ಮಂಜಣ್ಣ ಅದರ ಬೆನ್ನು ತಟ್ಟಿ ನೋಡಿ, "ಸಾಮಾನು ಹೊಸಪೇಟಿಂದ ಬರಬೇಕ್ರಿ ಅಕ್ಕಾ, ವಾರ ಹಿಡೀತೈತಿ," ಎಂದು ಹೇಳಿ ಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಶಾಂಭವಿಗೆ ಚೀಲದ ಬಾಯಿ ಬಿಚ್ಚುವಷ್ಟೂ ತ್ರಾಣವಿರಲಿಲ್ಲ. ನಸುಕಿನಲ್ಲೆದ್ದು ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದ ಕೈಗಳು ಮಧ್ಯಾಹ್ನದ ಹೊತ್ತಿಗೆ ತನ್ನವಲ್ಲ ಎನ್ನಿಸುತ್ತಿದ್ದವು. ಅದರ ಮೇಲೆ ಅತ್ತೆ ನೀಲಗಂಗಮ್ಮ. ಹೋದ ವರ್ಷ ತೊಡೆ ಮುರಿದುಕೊಂಡ ಮೇಲೆ ಅಡುಗೆಮನೆಯ ಮೂಲೆಯಲ್ಲೇ ಅವರ ಮಂಚ. ನೀರಿಗೂ ಸೊಸೆ, ಬಚ್ಚಲಿಗೂ ಸೊಸೆ. ಅವತ್ತು ಬೆಳಿಗ್ಗೆಯಷ್ಟೇ, ಹೆಂಚಿನ ಮೇಲೆ ರೊಟ್ಟಿ ಇರುವಾಗ ಅತ್ತೆ ಮತ್ತೆ ಕೂಗಿದ್ದಕ್ಕೆ ಶಾಂಭವಿ ಸಿಡುಕಿದ್ದಳು.

"ಎಷ್ಟ ಸಲ ಕರೀತೀರಿ ಅತ್ತಿ? ನಂದೂ ಒಂದು ಜೀವ ಐತಿ!"

ನೀಲಗಂಗಮ್ಮ ಆಗ ಗೋಡೆಯ ಕಡೆ ಹೊರಳಿ ಮಲಗಿದ್ದರು. ಈಗ ಗಜ್ಜರಿ ಕಂಡದ್ದೇ ಮೊಣಕೈಯೂರಿ ಎದ್ದು ಕೂತರು.

"ಫ್ರಿಜ್ ಇಲ್ಲಂದ್ರ ಏನಾತು? ನಾವೇನು ಫ್ರಿಜ್ ನೋಡಿದ್ವೇನು? ಹರವಿ ಕಟ್ಟಿಯಾಗಿನ ಉಸುಕಿನಾಗ ಹೂಳು. ಬಾ, ನಾ ಹೇಳ್ತೀನಿ."

ಮಂಚದ ತಲೆದಿಂಬಿನ ಪಕ್ಕದಲ್ಲೇ ಕಲ್ಲಿನ ಹರವಿ ಕಟ್ಟೆ. ಒಳಗೆ ಮೊಣಕೈಯಾಳ ಹೊಳೆಯ ಉಸುಕು, ಮೇಲೆ ಮಣ್ಣಿನ ಹರವಿ. ಹಿಂದೆ ಹರವಿ ಸದಾ ತುಂಬಿರುತ್ತಿತ್ತು, ಅದರ ಪಸೆಗೆ ಉಸುಕು ತಣ್ಣಗಿರುತ್ತಿತ್ತು. ನಿಂಬೆಹಣ್ಣು, ಹಸಿಶುಂಠಿ ಎಲ್ಲ ಅಲ್ಲೇ. ಕ್ಯಾನಿನ ನೀರು ಬಂದ ಮೇಲೆ ಹರವಿ ನೀರು ಕಂಡಿರಲಿಲ್ಲ. ಶಾಂಭವಿ ಅದರೊಳಗೆ ಪ್ಲಾಸ್ಟಿಕ್ ಚೀಲಗಳನ್ನು ತುರುಕಿಟ್ಟಿದ್ದಳು.

"ಮ್ಯಾಲಿನ ಹಸರು ತಪ್ಪಲು ಕೊಯ್ದು ಹಾಕು, ಅದು ಗಡ್ಡಿ ರಸ ಹೀರತೈತಿ. ತೊಳೀಬ್ಯಾಡ, ಮಣ್ಣಷ್ಟ ಕೊಡವು. ಒಂದಕ್ಕೊಂದು ತಾಗಬಾರದು. ಏ ಪ್ರವೀಣಾ, ಆ ಬಾಳಿಹಣ್ಣಿನ ಗೊನಿ ಆಚೆ ಇಡೋ, ಗಜ್ಜರಿ ಕಹಿ ಆಗತಾವ!"

ತಿಂಗಳುಗಟ್ಟಲೆ ಗೋಡೆ ನೋಡುತ್ತ ಮಲಗಿದ್ದ ಮುದುಕಿಯ ಗತ್ತು ನೋಡಿ ಶಾಂಭವಿಗೆ ದಣಿವಿನಲ್ಲೂ ನಗು ಬಂತು. ಗಜ್ಜರಿ ಹೂತು, ಉಸುಕಿಗೆ ನೀರು ಚಿಮುಕಿಸಿ, ಮೇಲೆ ಗೋಣಿತಟ್ಟು ಹೊದಿಸಿದಳು.

"ಉಸುಕು ಒಣಗಬಾರದು ನೋಡು. ಒಣಗಿದ್ರ ಸೊಟ್ಟಗಾಗಿ ಬಿಡ್ತಾವ," ಎಂದರು ಅತ್ತೆ.

"ದಿನಾ ನೀರು ಹಾಕ್ತೀನಿ ಬಿಡ್ರಿ."

ಮರುದಿನವೇ ಮರೆತಳು. ಕುಬಸದ ಸೀರೆ, ಬಳೆ, ಹೋಳಿಗೆಯ ಬೇಳೆ, ನಡುವೆ ತಪ್ಪದ ರೊಟ್ಟಿ. ಆ ವಾರ ಒಂದೇ ಸಮಾಧಾನವೆಂದರೆ ಅತ್ತೆ ಕರೆಯುವುದನ್ನು ಬಿಟ್ಟಿದ್ದರು. ಹೊತ್ತು ಹೊತ್ತಿಗೆ ಇಟ್ಟ ನೀರಿನ ತಂಬಿಗೆ ಖಾಲಿಯಾಗಿರುತ್ತಿತ್ತು, ಬಚ್ಚಲಿಗೆ ಏಳಿಸು ಎನ್ನುವುದೂ ಕಡಿಮೆಯಾಗಿತ್ತು. ಅಂತೂ ಬುದ್ಧಿ ಬಂತು ಎಂದುಕೊಂಡಳು ಶಾಂಭವಿ. ಹಾಗೆ ಅಂದುಕೊಂಡದ್ದು ಆಮೇಲೆ ಅವಳನ್ನು ಬಹಳ ದಿನ ಚುಚ್ಚಿತು.

ಕುಬಸದ ಹಿಂದಿನ ದಿನ ನೀಲಗಂಗಮ್ಮ ಮಂಪರಿಗೆ ಜಾರಿದರು. ತುಟಿ ಒಡೆದಿತ್ತು, ನಾಲಗೆ ಒಣಗಿ ಮಾತು ತೊದಲುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದರು. ಡಾಕ್ಟರು ಕೈಯ ಚರ್ಮ ಹಿಡಿದೆತ್ತಿ ನೋಡಿದರು.

"ಮೈಯಾಗ ನೀರೇ ಇಲ್ಲಲ್ರಿ. ಅಜ್ಜಿಗೆ ನೀರು ಕೊಡಂಗಿಲ್ಲೇನು?"

"ಕೊಡ್ತೀನ್ರಿ ಸರ್. ದಿನಾ ತಂಬಿಗಿ ಖಾಲಿ ಆಗಿರ್ತೈತ್ರಿ," ಎಂದಳು ಶಾಂಭವಿ. ಡಾಕ್ಟರು ನಂಬಿದಂತೆ ಕಾಣಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

ಸಲೈನ್ ಹಚ್ಚಿದರು. ಗಂಡನನ್ನು ಅಲ್ಲೇ ಕೂರಿಸಿ ಅವಳು ಹಲ್ವಾಕ್ಕೆಂದು ಮನೆಗೆ ಬಂದಳು. ಉಸುಕಿಗೆ ನೀರು ಹಾಕಿಲ್ಲವೆಂಬುದು ನೆನಪಾದದ್ದೇ ಆಗ. ಹೋಯಿತು, ಎಲ್ಲ ಬಾಡಿ ಬಾರುಕೋಲಿನಂತೆ ಆಗಿರುತ್ತವೆ ಎಂದುಕೊಂಡು ಗೋಣಿತಟ್ಟು ಎತ್ತಿದಳು.

ಉಸುಕು ತಣ್ಣಗೆ, ಒದ್ದೆಯಾಗಿತ್ತು. ಕೈಯಿಟ್ಟು ಒಂದು ಗಜ್ಜರಿ ಎಳೆದಳು. ಮುರಿದರೆ ಚಟ್ಟೆಂದಿತು, ಇವತ್ತು ಹೊಲದಿಂದ ಕಿತ್ತಂತೆ. ಯಾರು ನೀರು ಹಾಕಿದರು? ಮನೆಯಲ್ಲಿ ಇನ್ನಾರಿದ್ದಾರೆ? ಮಂಚದ ತಲೆದಿಂಬಿನ ಪಕ್ಕ ತಂಬಿಗೆ ಖಾಲಿ ಕೂತಿತ್ತು. ಅಲ್ಲಿಂದ ಹರವಿ ಕಟ್ಟೆಗೆ ಬರೀ ಒಂದು ಕೈಯಳತೆ.

ಶಾಂಭವಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು, ಮೂಗೊರೆಸಿಕೊಂಡು ಗಜ್ಜರಿ ತುರಿದಳು. ಹಲ್ವಾ ಒಲೆಯ ಮೇಲಿಂದ ಇಳಿದ ಮೇಲೆ ಒಂದು ಡಬ್ಬಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೋದಳು. ನೀಲಗಂಗಮ್ಮ ಕಣ್ಣು ಬಿಟ್ಟಿದ್ದರು.

"ಗಜ್ಜರಿ ಚಲೋ ಅದಾವಿಲ್ಲ?"

"ಅದಾವ್ರಿ. ಕುಡಿಯೋ ನೀರು ಉಸುಕಿಗೆ ಹಾಕ್ಕೊಂತ ಕುಂತೀರಲ್ಲ ಅತ್ತಿ, ಇನ್ನೊಂದು ತಂಬಿಗಿ ಕೊಡು ಅನ್ನಾಕ ಏನಾಗಿತ್ತು?"

ಮುದುಕಿ ಮುಖ ಆಚೆ ತಿರುಗಿಸಿದರು. "ಎಷ್ಟ ಸಲ ಕರೀಲಿ ನಿನ್ನ? ನೀನೂ ದಣದಿರ್ತಿ. ಕುಡದ್ರ ಬಚ್ಚಲಿಗೂ ನೀನ ಎತ್ತಬೇಕು. ನಿಂದೂ ಒಂದು ಜೀವ ಐತಲ್ಲ."

ಅತ್ತೆಯ ದನಿಯಲ್ಲಿ ಕೊಂಕು ಇದ್ದಿದ್ದರೆ ಶಾಂಭವಿಗೆ ಹಗುರಾಗುತ್ತಿತ್ತು. ಇರಲಿಲ್ಲ. ಅವಳು ಅತ್ತೆಯ ತಲೆ ಎತ್ತಿ ಹಿಡಿದು, ಲೋಟದಿಂದ ಗುಟುಕು ಗುಟುಕಾಗಿ ನೀರು ಕುಡಿಸಿದಳು.

"ಕರೀರಿ ಅತ್ತಿ. ನಾ ಬೈದ್ರೂ ಕರೀರಿ," ಎಂದಳು.

ಮರುದಿನ ಅತ್ತೆಯ ಬಳಿ ಅವಳೇ ಉಳಿದಳು. ಪ್ರವೀಣಕುಮಾರ್ ತನ್ನ ತಂಗಿಯನ್ನು ಕರೆದುಕೊಂಡು ಬುತ್ತಿಯೊಂದಿಗೆ ಹರಪನಹಳ್ಳಿಗೆ ಹೋದ. ಹಲ್ವಾ ಬಾಯಲ್ಲಿಟ್ಟ ಕೀರ್ತನಾ ಫೋನು ಮಾಡಿ ಅಜ್ಜಿಯ ಜೊತೆ ಅರ್ಧ ತಾಸು ಮಾತಾಡಿದಳು.

ಅತ್ತೆ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ, ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿದ್ದಾಗ ಮೂಲೆಯಿಂದ ದನಿ ಬಂತು: "ಶಾಂಭವಿ, ನೀರು."

ಅವಳಿಗೆ ಸಿಟ್ಟು ಬಂತು. ಸೊಂಟ ಹಿಡಿದುಕೊಂಡು ಎದ್ದಳು. ರೊಟ್ಟಿ ಒಂದು ಕಡೆ ಸೀದು ಹೋಯಿತು, ಹೋಗಲಿ ಎಂದು ತುಂಬಿದ ತಂಬಿಗೆ ಹಿಡಿದುಕೊಂಡು ಹೋಗಿ, ಅತ್ತೆ ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಳು.