ಸವೆದ ಹಲ್ಲು

"ಏಯ್ ಬೋಳಿಮಗ್ನೆ, ದೇವ್ರ ಪಟಕ್ಕೆ ಮೈ ತಗಲ್ಸ್‌ಬ್ಯಾಡ್ವೋ! ಅತ್ಲಾಗೆ ಸರ್ಕೊಂಡು ಬಿಚ್ಚು!"

ಕೆಳಗಿನಿಂದ ಕೂಗಿದವನು ಅಶ್ವತ್ಥ್, ಮಾಕಳಿಯ ಈ ಗೋಡೌನಿನ ಮಾಲೀಕ. ಎರಡೂ ಕಡೆ ಮೆಟ್ಟಿಲಿದ್ದ ಏಣಿಯ ತುದಿಯಲ್ಲಿ ನಿಂತಿದ್ದ ಶಟರ್ ಮೆಕ್ಯಾನಿಕ್ ಭೀಮರಾಜ್ ಮೊಣಕೈ ಒಳಗೆಳೆದುಕೊಂಡ. ಮೋಟರಿನ ಪಕ್ಕದಲ್ಲೇ ಪಟವಿತ್ತು, ಅದಕ್ಕೆ ಅವತ್ತಿನ ಹೂವಿತ್ತು. ಕೆಳಗೆ ಗೋಡೌನಿನ ಕೂಲಿ ಮುನಿಶಾಮಮ್ಮ ನೆಲದ ಮೇಲಿನ ರಕ್ತವನ್ನು ಉಜ್ಜುತ್ತಿದ್ದಳು.

ರಕ್ತ ಅವಳ ಜೊತೆಗೆ ಕೆಲಸ ಮಾಡುವ ಚಂದ್ರವ್ವನದು. ಬೆಳಿಗ್ಗೆ ಬಾಗಿಲಲ್ಲಿ ಕಸ ಗುಡಿಸುತ್ತಿದ್ದಾಗ, ಮೇಲೇರುತ್ತಿದ್ದ ಶಟರ್ ಧಡಾರನೆ ಅವಳ ಸೊಂಟದ ಮೇಲೆ ಬಿದ್ದಿತ್ತು. ಮೂಟೆ ಹೊರುವ ಹೆಂಗಸರೆಲ್ಲ ಸೇರಿ ಜಾಕಿ ಕೊಟ್ಟು ಎತ್ತಿ ಅವಳನ್ನು ಎಳೆದುಕೊಂಡಿದ್ದರು. ಆಸ್ಪತ್ರೆಯಲ್ಲಿ ಅವಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಭೀಮರಾಜ್ ಸ್ಪ್ರಾಕೆಟ್ ಮುಟ್ಟಿ ನೋಡಿದ. ಮೋಟರು ತಿರುಗಿದಾಗ ಚೈನನ್ನು ಕಚ್ಚಿ ಎಳೆಯುವ ಹಲ್ಲಿನ ಚಕ್ರ ಅದು. ಹಲ್ಲೆಲ್ಲ ಸವೆದು ಒಂದೇ ಕಡೆಗೆ ವಾಲಿದ್ದವು. ಮೂರು ಮುರಿದೇ ಹೋಗಿದ್ದವು. ಕಳಚಿದ ಚೈನು ಪಕ್ಕದಲ್ಲಿ ನೇತಾಡುತ್ತಿತ್ತು.

"ಅಣ್ಣ, ದೀಪಾವಳಿಗೇ ಏಳಿದ್ನಲ್ಲ, ಇದನ್ನ ಬದ್ಲಾಯ್ಸಿ ಅಂತ. ಗ್ರೀಸ್ ಆಕಿ ಓಗಲೇ ಅಂದ್ರಿ."

"ಆಗಿನ್ ಮಾತು ಈಗ್ಯಾಕೆ? ಮೂರು ಗಂಟ್ಗೆ ಲೇಬರ್ ಇನ್‌ಸ್ಪೆಕ್ಟ್ರು ಬತ್ತಾರೆ. ಅಷ್ಟ್ರಲ್ಲಿ ಒಸಾದು ಕೂತಿರ್ಬೇಕು, ಅಳೇದು ನನ್ ಕೈಲಿರ್ಬೇಕು. ಕೇಳಿದ್ರೆ ಮಿಷಿನ್ ಸರಿಗೇ ಇತ್ತು, ಆ ಮುಂಡೆ ಫೋನಲ್ಲಿ ಮಾತಾಡ್ತಾ ತಾನೇ ಬಟನ್ ಒತ್ಕೊಂಡ್ಳು ಅನ್ನು."

ಉಜ್ಜುವ ಸದ್ದು ನಿಂತಿತು.

"ಚಂದ್ರಿ ಅತ್ರ ಫೋನೇ ಇಲ್ವಲ್ಲ ಗೌಡ್ರೆ," ಎಂದಳು ಮುನಿಶಾಮಮ್ಮ.

"ನಿನ್ನ ಕೇಳಿದ್ನೇನೇ? ಮುಚ್ಕೊಂಡು ಒರ್ಸು. ನಿಮ್ ಕೇರಿಯೋರ್ನ ಒಳಕ್ಕೆ ಬಿಟ್ಕೊಂಡಿದ್ದೇ ತಪ್ಪು."

ಅವಳು ಎದ್ದು ಬಕೆಟ್ಟನ್ನು ಒದ್ದಳು. ಕೆಂಪು ನೀರು ಅಶ್ವತ್ಥನ ಬಿಳಿ ಶೂಗಳನ್ನು ತೋಯಿಸಿತು.

"ಉಳ್ದಿದ್ದು ಅಂಗೇ ಇರ್ಲಿ. ಬರೋರೂ ನೋಡ್ಲಿ."

ಭೀಮರಾಜನ ಜೇಬಿನಲ್ಲಿ ಹೊಸ ಸ್ಪ್ರಾಕೆಟ್ ಭಾರವಾಗಿತ್ತು. ಅವತ್ತು ಬಾಯಿ ಮುಚ್ಚಿಕೊಂಡು ಗ್ರೀಸ್ ಬಳಿದು ಹೋಗಿದ್ದವನು ತಾನೇ. ಹೊಸದನ್ನು ತೆಗೆದು ಕೆಳಕ್ಕೆ ಎಸೆದ. ಅದು ಠಣ್ಣೆಂದು ಉರುಳಿ ಮೋರಿಗೆ ಬಿತ್ತು.

"ಲೋ ಸೂಳೆಮಗ್ನೆ! ನಾಗಸಂದ್ರದಾಗೆ ನಿನ್ ಅಂಗ್ಡಿ ಯಾರ್ ಬಿಲ್ಡಿಂಗ್‌ನಾಗೈತೆ, ಗೊತ್ತೇನೋ?"

"ಗೊತ್ತು. ಬೀಗ ಆಕ್ಕೊಳಿ."

ಅಶ್ವತ್ಥ್ ನುಗ್ಗಿ ಬಂದು ಏಣಿ ಅಲ್ಲಾಡಿಸಿದ. ಭೀಮರಾಜ್ ಜೋಲಿ ಹೊಡೆದು ಶಟರಿನ ಶಾಫ್ಟು ತಬ್ಬಿಕೊಂಡ. ಮುನಿಶಾಮಮ್ಮ ಓಡಿ ಬಂದು ಏಣಿಯ ಕಾಲನ್ನು ಅವುಚಿಕೊಂಡಳು. ಅವಳ ಹಿಂದೆ ಮೂಟೆ ಹೊರುವ ಹೆಂಗಸರು ಬಂದು ಸುತ್ತ ನಿಂತರು. ಅಶ್ವತ್ಥನ ಕೈ ತಾನಾಗಿಯೇ ಕೆಳಗಿಳಿಯಿತು.

ಮೂರೂವರೆಗೆ ಜೀಪು ಬಂತು.

"ಕುಡ್ದವ್ನೆ ಸಾರ್, ಇಳೀತಿಲ್ಲ," ಅಶ್ವತ್ಥ್ ಮುಂದೆ ಓಡಿದ.

ಇನ್‌ಸ್ಪೆಕ್ಟರ್ ತಲೆ ಎತ್ತಿ ನೋಡಿದರು. "ಏನಯ್ಯಾ ಗಲಾಟೆ? ಇಳಿ ಕೆಳಗೆ."

"ನಾನ್ ಇಳಿದ್ರೆ ಇದು ಮಾಯ ಆಯ್ತದೆ ಸಾರ್. ನೀವೇ ಬನ್ನಿ, ಆ ಕಡೀಂದ ಮೆಟ್ಲವೆ. ಈ ಅಲ್ಲು ಮುಟ್ಟಿ ನೋಡಿ. ಗ್ರೀಸ್ ಬಳ್ದಿದ್ದು ನಾನು, ಅದ್ನೂ ಬರ್ಕೊಳಿ."

ಇನ್‌ಸ್ಪೆಕ್ಟರ್ ಏಣಿಯನ್ನು ನೋಡಿದರು. ಆಮೇಲೆ ಅಶ್ವತ್ಥನ ಮುಖವನ್ನು.

ಮುನಿಶಾಮಮ್ಮ ಹಿಡಿತ ಬಿಗಿ ಮಾಡಿದಳು.

"ಮ್ಯಾಕತ್ತಿ ಸಾಮಿ," ಎಂದಳು, "ನಾವ್ ಇಡ್ಕೊಂಡಿದೀವಿ."