ವಾರ್ನಿಷ್ ಬಳಿದ ತುರಿಮಣೆ

ನಾನು ಮಧ್ಯ ಅಮೆರಿಕದ ಬೆಲೀಜ್ ದೇಶದ ಒಂದು ತುರಿಮಣೆ. ಕಡಲಂಚಿನ ಗರಿಫುನಾ ಜನರ ಊರಿನಲ್ಲಿ ಹುಟ್ಟಿದೆ. ಮಹಾಗನಿ ಹಲಗೆಯ ಮೈತುಂಬ ಚೂಪು ಕಲ್ಲಿನ ಚೂರುಗಳನ್ನು ಒಂದೊಂದಾಗಿ ಬಡಿದು ಕೂರಿಸಿದರು. ನೋವಾಯಿತು. ಆದರೆ ಆ ಹಲ್ಲುಗಳಿಂದಲೇ ನನಗೆ ದನಿ ಬಂತು.

ನನ್ನ ಒಡತಿ ಯೂಫೀಮಿಯ. ನನ್ನನ್ನು ಹೊಟ್ಟೆಗೆ ಆನಿಸಿಕೊಂಡು ರೊಟ್ಟಿಗೆಂದು ಮರಗೆಣಸು ಉಜ್ಜುವಳು. ನಾನು ಕರಕರ ಎಂದರೆ ಅವಳ ಬಾಯಿಗೆ ಹಾಡು ಬರುತ್ತಿತ್ತು, ಅವಳ ತಾಯಿ ಕಟ್ಟಿದ ಹಾಡು. ಕೈ ನಿಂತರೆ ಹಾಡೂ ನಿಲ್ಲುತ್ತಿತ್ತು.

ನಮ್ಮದು ಚಿಕ್ಕ ದೇಶ, ಭಾಷೆಗಳು ಮಾತ್ರ ಹಲವು. ಪೇಟೆಯಲ್ಲಿ ಕ್ರಿಯೋಲ್, ಬಸ್ಸಿನಲ್ಲಿ ಸ್ಪ್ಯಾನಿಷ್, ಗುಡ್ಡದವರದು ಮಾಯಾ, ಶಾಲೆಯಲ್ಲಿ ಇಂಗ್ಲಿಷ್. ಗರಿಫುನಾ ನಮ್ಮ ಅಂಗಳದ್ದು. ಮಗಳು ವಿಲ್ಮಾ ಅದರಲ್ಲಿ ಹರಟಿದರೆ ಯೂಫೀಮಿಯಳೇ ಗದರುತ್ತಿದ್ದಳು: "ಇಂಗ್ಲಿಷ್ ಕಲಿಯೇ! ಇದನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀಯ?"

ವಿಲ್ಮಾ ಕಲಿತಳು, ಲಾಸ್ ಏಂಜಲೀಸಿಗೆ ಹೋದಳು. ಊರಿನ ಅರ್ಧ ಜನ ಹಾಗೆಯೇ ಹೋದರು.

ರಜೆಗೆ ಬಂದವಳು ನನ್ನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು. "ಅಲ್ಲಿ ಗೋಡೆ ಮೇಲೆ ನಮ್ದು ಅಂತ ಏನಾದ್ರೂ ಬೇಡ್ವೇನಮ್ಮಾ?" ಮಿಂಚಲೆಂದು ನನಗೆ ಪದರಪದರವಾಗಿ ವಾರ್ನಿಷ್ ಬಳಿದಳು. ಪ್ರೀತಿಯಿಂದಲೇ ಬಳಿದಳು.

ಮುಪ್ಪಿನಲ್ಲಿ ಯೂಫೀಮಿಯಳೂ ಅಲ್ಲಿಗೆ ಬಂದಳು. ಮೊಮ್ಮಗಳು ಕಿಯಾರಾಳಿಗೆ ಅಜ್ಜಿಯ ಭಾಷೆ ಬಾರದು. ಆದರೂ ಊಟದಲ್ಲಿ ಅಜ್ಜಿಯ ಮೀನಿನ ಮುಳ್ಳು ಬಿಡಿಸಿ ಕೊಡುವಳು.

"ಆ ಹಾಡು ಇವಳಿಗಾದ್ರೂ ಕೊಟ್ಟು ಹೋಗ್ತೀನಿ," ಎಂದು ಯೂಫೀಮಿಯ ನನ್ನನ್ನು ಗೋಡೆಯಿಂದ ಇಳಿಸಿದಳು.

ಗೆಣಸು ಜಾರಿತು. ಒತ್ತಿದಳು, ಮತ್ತೆ ಜಾರಿತು. ವಾರ್ನಿಷ್ ನನ್ನ ಹಲ್ಲು ಮುಚ್ಚಿತ್ತು. ನನಗೆ ದನಿಯೇ ಹೊರಡಲಿಲ್ಲ. ಅವಳು ಬಾಯಿ ತೆರೆದಳು. ಮೊದಲ ಸಾಲೂ ಬರಲಿಲ್ಲ.

"ಸುಮ್ನೆ ಹಾಡಮ್ಮಾ, ಉಜ್ಜೋದ್ಯಾಕೆ?" ಎಂದಳು ವಿಲ್ಮಾ.

"ಅದು ಕೈಯಲ್ಲಿತ್ತು ಕಣೇ. ಬಾಯಲ್ಲಿ ಯಾವತ್ತೂ ಇರ್ಲಿಲ್ಲ."

ವಿಲ್ಮಾ ಗಾಬರಿಯಿಂದ ಚಾಕು ತಂದು ವಾರ್ನಿಷ್ ಕೆರೆದಳು. ಜೊತೆಗೆ ಕಲ್ಲುಗಳೂ ಕಿತ್ತುಬಂದವು. ಮಗಳ ಕಣ್ಣು ತುಂಬಿದ್ದನ್ನು ಕಂಡು ಯೂಫೀಮಿಯ ಮೆಲ್ಲಗೆ ಹೇಳಿದಳು: "ಬಿಡು. ಗೋಡೆ ಮೇಲೆ ಚೆನ್ನಾಗೇ ಕಾಣ್ತಿತ್ತು."

ಅವಳು ತೀರಿಹೋಗಿ ಬಹಳ ದಿನವಾಯಿತು. ನಾನು ಗ್ಯಾರೇಜಿನಲ್ಲಿ ಹಳೆಯ ಟೈರುಗಳ ಹಿಂದಿದ್ದೇನೆ. ಕಿಯಾರಾ ಒಮ್ಮೊಮ್ಮೆ ಬಂದು ನನ್ನ ಬೋಳು ಮೈ ಸವರುತ್ತಾಳೆ.

"ಆ ಹಾಡಲ್ಲಿ ಏನಿತ್ತಮ್ಮಾ?"

"ಏನೋಪ್ಪ, ಗೆಣಸಿನ ಬಗ್ಗೆ ಏನೋ," ಎನ್ನುತ್ತಾಳೆ ವಿಲ್ಮಾ, ಇಂಗ್ಲಿಷಿನಲ್ಲಿ.

ಗೆಣಸಿನ ಮಾತೇ ಅದರಲ್ಲಿರಲಿಲ್ಲ. ಕೆಲಸಕ್ಕೆ ಬಾರದೆ ಅಲೆಯುವ ಮಗಳನ್ನು ತಾಯಿಯೊಬ್ಬಳು ಉದ್ದಕ್ಕೂ ಬೈಯುವ ಹಾಡು ಅದು. ಬೈದು ಬೈದು ಕೊನೆಯ ಸಾಲಿನಲ್ಲಿ, ನಿನ್ನ ಪಾಲಿನ ರೊಟ್ಟಿ ಎತ್ತಿಟ್ಟಿದ್ದೇನೆ, ಬಾ ಎನ್ನುತ್ತಾಳೆ.