ತೊಕೋನಿನ ಅರ್ಧ ಹಾಡು

ಗುರಿಯಿಡುವ ಮುನ್ನ ಇದೆಲ್ಸೊ ಎರಡೆರಡು ಸಲ ನೋಡಿದ್ದ. ಹೆಂಡತಿ ಬಸುರಿಯಾಗಿರುವಾಗ ಮರಿಯುಳ್ಳ ತಾಯಿಪ್ರಾಣಿಯನ್ನು ಕೊಲ್ಲಬಾರದು, ಕೊಂದರೆ ಆ ಪ್ರಾಣಿಯ ಪಾಡು ಹುಟ್ಟುವ ಕೂಸಿಗೆ ಅಂಟಿಕೊಳ್ಳುತ್ತದೆ. ಮಾಯೊ ನದಿಯ ದಂಡೆಯಲ್ಲಿ ಇದನ್ನು ತಿಳಿಯದ ಗಂಡಸಿಲ್ಲ. ಕೊಂಬೆಯ ಮೇಲೆ ಎರಡು ತೊಕೋನ್ ಕೋತಿಗಳು ಬಾಲಕ್ಕೆ ಬಾಲ ಹೆಣೆದು ಕೂತಿದ್ದವು. ಒಂದರ ಬೆನ್ನ ಮೇಲೆ ಅಂಗೈಯಷ್ಟು ಮರಿ. ತಾಯಿ ಅದೇ ಎಂದುಕೊಂಡು ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೊಡೆದ. ಬಿದ್ದದ್ದನ್ನು ಎತ್ತಿಕೊಂಡಾಗ ಅದರ ಎದೆ ಹಾಲಿನಿಂದ ಒದ್ದೆಯಾಗಿತ್ತು.

ಮನೆಯ ಹಿಂದಿನ ಕಾಫಿ ಗಿಡದ ಬುಡದಲ್ಲಿ ಅದನ್ನು ಹೂತು ಒಳಗೆ ಹೋದ.

"ಬೆಳಗಿಂದ ಕಾಡಲ್ಲಿದ್ದು ಬರಿಗೈನಾ?" ತುಂಬು ಬಸುರಿ ಹೆಂಡತಿ ಮೆರ್ಲಿ ಬಾಳೆಕಾಯಿ ಹೆರೆಯುತ್ತ ಕೇಳಿದಳು. "ಬೇಟೆಗೆ ಹೋಗಿದ್ದೋ, ನಿದ್ದೆ ಮಾಡೋಕೋ?"

"ಏನೂ ಸಿಗಲಿಲ್ಲ" ಎಂದ.

ತೊಕೋನ್ ಜೋಡಿ ಬೆಳಗಿನ ಜಾವ ಸೇರಿ ಹಾಡುತ್ತದೆ. ಒಂದರ ಉಸಿರು ಮುಗಿಯುವಲ್ಲಿ ಇನ್ನೊಂದು ಎತ್ತಿಕೊಳ್ಳುತ್ತದೆ, ನಡುವೆ ಬೆರಳು ತೂರಿಸುವಷ್ಟೂ ಸಂದು ಇರುವುದಿಲ್ಲ. ಮರುದಿನ ಕಾಡಂಚಿನಿಂದ ಒಂದೇ ದನಿ ಬಂತು. ತನ್ನ ಪಾಲು ಹಾಡಿತು, ಇನ್ನೊಂದರ ಪಾಲು ಮುಗಿಯುವಷ್ಟು ಹೊತ್ತು ಸುಮ್ಮನಿತ್ತು, ಮತ್ತೆ ಹಾಡಿತು. ಹಾಗೆ ಒಂಬತ್ತು ಬೆಳಗು.

"ಪಾಪ, ಇದರ ಹೆಂಡತಿ ಯಾರ ಜೊತೆ ಓಡಿಹೋದಳೋ" ಎಂದು ಒಂಬತ್ತನೆಯ ದಿನ ಮೆರ್ಲಿ ನಕ್ಕಳು. ಆ ದಿನವೇ ಅವಳಿಗೆ ನೋವು ಬಂತು.

ಹುಟ್ಟಿದ್ದು ಹೆಣ್ಣು. ಎದೆಗಿಟ್ಟರೆ ಮುಖ ತಿರುಗಿಸಿ ಚೀರುತ್ತಿತ್ತು. ಇದೆಲ್ಸೊ ಹೆಗಲಿಗೆ ಹಾಕಿಕೊಂಡರೆ ಮಾತ್ರ ಎರಡೂ ಮುಷ್ಟಿಯಲ್ಲಿ ಅವನ ಕೂದಲು ಹಿಡಿದು ಸುಮ್ಮನಾಗುತ್ತಿತ್ತು. ಬೆಳಗಿನ ಹಾಡು ನಡುವೆ ನಿಂತಾಗ ಅಳುತ್ತಿತ್ತು. ಹಾಡು ಮತ್ತೆ ಹತ್ತಿದಾಗ ನಿಲ್ಲಿಸುತ್ತಿತ್ತು. ಮೂರನೆಯ ದಿನ ಅದರ ತುಟಿ ಒಣಗಿತು.

ಸೂಲಗಿತ್ತಿ ಅದೆಲೈದಾ ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಇದೆಲ್ಸೊನ ಕಡೆ ತಿರುಗಿದಳು.

"ಏನ್ ಹೊಡೆದೆಯೋ?"

"ಏನೂ ಇಲ್ಲ, ಅಜ್ಜಿ."

"ನಿನ್ನನ್ನೂ ಹೊರಗೆಳೆದ ಕೈ ಇದು. ನಂಗೆ ಸುಳ್ಳು ಹೇಳು, ಪರವಾಗಿಲ್ಲ. ಈ ಕೂಸಿಗೆ ಹೇಳಬೇಡ. ಯಾವ ಪ್ರಾಣಿ ಅಂತ ಗೊತ್ತಾದ್ರೆ ಅದರ ಕೂದಲು ಸುಟ್ಟು ಹೊಗೆ ಕೊಡ್ತೀನಿ. ಇಲ್ಲಾಂದ್ರೆ ನಾಳೆ ನನ್ನ ಕರೀಬೇಡ, ಶವಪೆಟ್ಟಿಗೆ ಮಾಡೋಕೆ ಬಡಗಿಯನ್ನ ಕರಿ."

ಇದೆಲ್ಸೊ ಹಿತ್ತಲ ಕಡೆ ಕೈ ತೋರಿಸಿದ. "ತೊಕೋನ್. ಆದ್ರೆ ಮರಿ ಇದ್ದದ್ದನ್ನ ಬಿಟ್ಟೆ, ಅಜ್ಜಿ. ಪಕ್ಕದ್ದನ್ನ ಹೊಡೆದೆ."

"ಅಯ್ಯೋ ಪೆದ್ದೇ. ತೊಕೋನಲ್ಲಿ ಮರಿ ಹೊರೋನು ಅಪ್ಪ. ಹಾಲು ಬೇಕಾದಾಗಷ್ಟೇ ಅಮ್ಮನ ಹತ್ರ ಹೋಗುತ್ತೆ."

ಮೆರ್ಲಿ ಗೋಡೆಯ ಕಡೆ ಹೊರಳಿದಳು. "ಏನೂ ಸಿಗಲಿಲ್ಲ ಅಂದೆ ನೀನು" ಎಂದಳು, ಅಷ್ಟೇ.

ಕಾಫಿ ಗಿಡದ ಬುಡ ಅಗೆದರೆ ಇರುವೆಗಳು ಮೂಳೆ ಮಾತ್ರ ಬಿಟ್ಟಿದ್ದವು. ಮೂಳೆಯ ಜೊತೆ ಬಾಲದ ಒಂದು ಹಿಡಿ ಕಂದು ಕೂದಲು. ಅಜ್ಜಿ ಅದನ್ನು ಕೆಂಡದ ಮೇಲೆ ಉದುರಿಸಿ, ಕೂಸನ್ನು ಹೊಗೆಯ ಮೇಲೆ ಮೂರು ಸಲ ದಾಟಿಸಿದಳು. ಕೂಸು ಸೀನಿತು. ಬಾಯಿ ಎದೆಯನ್ನು ಹುಡುಕಿತು. ಹಾಲು ಗುಟುಕರಿಸುವ ಸದ್ದು ಕೇಳುತ್ತ ಇದೆಲ್ಸೊ ಹೊಸ್ತಿಲ ಮೇಲೆ ಕೂತ.

ಮರುದಿನ ಹಾಡು ಕಾಡಂಚಿನಿಂದ ಬರಲಿಲ್ಲ, ಮನೆಯ ಹಿಂದಿನಿಂದಲೇ ಬಂತು. ಅವನು ಬಾಗಿಲು ತೆರೆದ. ಅಗೆದ ಗುಂಡಿಯ ಮೇಲೆ ಬಾಗಿದ ಕಾಫಿ ಕೊಂಬೆಯಲ್ಲಿ ಗಂಡು ತೊಕೋನ್ ಕೂತಿತ್ತು, ಪಕ್ಕದಲ್ಲಿ ಒಂದರಷ್ಟು ಜಾಗ ಬಿಟ್ಟು. ಬಾಲ ಒಂಟಿಯಾಗಿ ಇಳಿಬಿದ್ದಿತ್ತು. ಬೆನ್ನ ಮೇಲೆ ಮರಿ ಇರಲಿಲ್ಲ.

ಅದು ಅವನನ್ನೇ ನೋಡುತ್ತ ತನ್ನ ಪಾಲು ಹಾಡಿ ನಿಲ್ಲಿಸಿತು. ಒಳಗೆ ಗುಟುಕಿನ ಸದ್ದೂ ನಿಂತಿತು.

"ಕುಡಿಯೋದು ಬಿಟ್ಟಳು" ಎಂದಳು ಮೆರ್ಲಿ ಕತ್ತಲೊಳಗಿಂದ. ಆಮೇಲೆ ತಗ್ಗಿದ ದನಿಯಲ್ಲಿ, "ಏನಾದ್ರೂ ಹೇಳು ಆ ತೊಕೋನಿಗೆ."

ಇದೆಲ್ಸೊ ಬಾಯಿ ತೆರೆದ. ಹುಟ್ಟಿದಂದಿನಿಂದ ಕೇಳಿದ ಹಾಡು, ಹೆಣ್ಣು ಹಾಡುವ ಆ ಇನ್ನರ್ಧ ಅವನಿಗೆ ಬಾಯಿಪಾಠವಾಗಿತ್ತು.